ಗಡಸು ನೀರೂ ನಮ್ಮ ಸಂಬಳವೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತನ್ನು ಬದಿಗಿಟ್ಟು ಈ ದಿನ ನಾವು ನೀರಿನ ವಿಷಯ ಹೇಳಬೇಕೆಂದು ನಿಂತಿದ್ದೇವೆ. ಸಂಘದವರಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರು ನಗಬಹುದು. ಆದರೆ ಗೀಸರು ಸುಟ್ಟಿತೆಂದು ಕ್ಲೀನರ್ ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವುದು, ಇಡ್ಲಿ ಹಂಡೆಯ ತಳದಲ್ಲಿ ಬಿಳಿ ಹೊರೆ ಕಟ್ಟಿತೆಂದು ಅವನನ್ನು ಸೋಮಾರಿ ಎಂದು ಬೈಯುವುದು ನಾವೆಲ್ಲ ಕಂಡ ಸಂಗತಿ. ತಪ್ಪು ಹುಡುಗನದೋ ನೀರಿನದೋ ಎಂದು ಮೊದಲು ವಿಚಾರಿಸೋಣ.

ಈ ಊರಿಗೆ ಒಳ್ಳೆಯ ನೀರು ಇಲ್ಲವೆಂದಲ್ಲ. 1908ರ ಮೂಸಿ ನದಿಯ ಮಹಾಪ್ರವಾಹದ ನಂತರ ನಿಜಾಮರ ಸರಕಾರ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿ ಸಲಹೆ ಪಡೆಯಿತು. ಅದರ ಫಲವಾಗಿ 1920ರಲ್ಲಿ ಗಂಡಿಪೇಟೆಯ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಕಟ್ಟಿ ಮುಗಿದವು. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದು ಬಿಡಲಾರ ಎಂಬ ಮಾತೇ ಇಲ್ಲಿ ಹುಟ್ಟಿಕೊಂಡಿತು. ಮುಂದೆ ಮಂಜೀರ, ಕೃಷ್ಣಾ, ಗೋದಾವರಿಗಳಿಂದಲೂ ನೀರು ತಂದರು. ಆದರೆ ಊರು ಬೆಳೆದಂತೆ ನಲ್ಲಿಯ ನೀರು ಸಾಲದೆ, ಎಷ್ಟೋ ಹೋಟೆಲುಗಳೂ ನಾವು ಬಾಡಿಗೆಗಿರುವ ಕೋಣೆಗಳೂ ಬೋರ್‌ವೆಲ್ಲನ್ನೂ ಟ್ಯಾಂಕರನ್ನೂ ನಂಬಿವೆ. ತೊಟ್ಟಿಯಲ್ಲಿ ಎರಡೂ ಬೆರೆತು ಒಂದೇ ನಲ್ಲಿಯಲ್ಲಿ ಬರುತ್ತವೆ.

ಮಳೆಯ ನೀರು ನೆಲಕ್ಕಿಳಿಯುವಾಗ ಮಣ್ಣಿನಲ್ಲಿರುವ ಇಂಗಾಲಾಮ್ಲ ಅನಿಲವನ್ನು ಹೀರಿ, ಕಲ್ಲಿನೊಳಗಿನ ಸುಣ್ಣದ ಅಂಶವನ್ನೂ ಮೆಗ್ನೀಸಿಯಮ್ಮನ್ನೂ ಕರಗಿಸಿಕೊಳ್ಳುತ್ತದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಹೀಗೆ ಗಡಸಾಗುತ್ತದೆ. ಕುಂದಾಪುರ, ಉಡುಪಿ ಕಡೆಯ ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಅಲ್ಲಿಂದ ಹೊಸದಾಗಿ ಬಂದ ಹುಡುಗ ಇಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ ಎಂದರೆ ಅವನದು ಸುಳ್ಳಲ್ಲ. ಗಡಸು ನೀರಿನ ಸುಣ್ಣದ ಅಂಶ ತೊಗರಿಬೇಳೆಯನ್ನು ಮೆದುವಾಗಲು ಬಿಡುವುದಿಲ್ಲ. ಸೋಪಿನೊಂದಿಗೆ ಸೇರಿ ಜಿಗುಟು ಗಸಿಯಾಗುತ್ತದೆ.

ಇಂಥ ನೀರನ್ನು ಕಾಯಿಸಿದಾಗ ಕರಗಿದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಶಾಖ ಹೆಚ್ಚಿದಷ್ಟೂ ಹೊರೆ ಬೇಗ ಕಟ್ಟುತ್ತದೆ. ಈ ಹೊರೆಯ ಮೂಲಕ ಶಾಖ ಸುಲಭವಾಗಿ ಹಾಯುವುದಿಲ್ಲ. ಗೀಸರಿನ ಕಾಯಿಲು ತನ್ನ ಶಾಖವನ್ನು ನೀರಿಗೆ ಕೊಡಲಾರದೆ ತಾನೇ ಕಾದು ಸುಡುತ್ತದೆ. ಹಂಡೆಗೆ ಗ್ಯಾಸು ಹೆಚ್ಚು ಖರ್ಚಾಗುತ್ತದೆ. ಬಟ್ಟೆ ಒಗೆಯುವ ಯಂತ್ರದ ಹೀಟರಿಗೂ ಇದೇ ಗತಿ. ಗಿರಣಿಯಲ್ಲಿ ದುಡಿದ ಹಿರಿಯರು ಇದನ್ನು ಬಲ್ಲರು: ಬಾಯ್ಲರಿನ ಕೊಳವೆಯಲ್ಲಿ ಹೊರೆ ಕಟ್ಟಿದರೆ ಲೋಹ ಮಿತಿಮೀರಿ ಕಾದು ಉಬ್ಬುತ್ತದೆ, ಒಡೆದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಬಾಯ್ಲರಿಗೆ ನೀರನ್ನು ಮೆದು ಮಾಡಿಯೇ ಬಿಡಬೇಕು.

ಹಾಗೆಂದು ಗಡಸು ನೀರು ವಿಷವೆಂದು ಹೆದರಬೇಕಾಗಿಲ್ಲ. ಸುಣ್ಣವೂ ಮೆಗ್ನೀಸಿಯಮ್ಮೂ ದೇಹಕ್ಕೆ ಬೇಕಾದವೇ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಇಲ್ಲದಲ್ಲಿ 600ರ ವರೆಗೆ ನಡೆಯಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಕೇಡು ಹೆಚ್ಚಾಗಿ ಯಂತ್ರಕ್ಕೆ, ಅದನ್ನು ಉಜ್ಜುವ ಕೈಗೆ.

ಕೈಯ ಮಾತು ಬಂತು, ಇದನ್ನು ಗಮನವಿಟ್ಟು ಕೇಳಿರಿ. ಹೊರೆ ತೆಗೆಯಲು ಹುಡುಗರ ಕೈಗೆ ಆಸಿಡ್ ಬಾಟಲಿ ಕೊಟ್ಟುಬಿಡುತ್ತಾರೆ. ಬರಿಗೈಯಲ್ಲಿ ಅದನ್ನು ಮುಟ್ಟಬೇಡಿರಿ. ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಎಂದೂ ಬೆರೆಸಬೇಡಿರಿ. ಅದರಿಂದೇಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ, ಮುಚ್ಚಿದ ಕೋಣೆಯಲ್ಲಿ ಪ್ರಾಣವನ್ನೇ ತೆಗೆಯಬಹುದು. ಸ್ಟೀಲು ಹಂಡೆಯ ಹೊರೆಗೆ ನಿಂಬೆ ಉಪ್ಪು ಸಾಕು. ಬಿಸಿ ನೀರಿನಲ್ಲಿ ಕರಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಹೊರೆ ಸಡಿಲುತ್ತದೆ. ವಾರಕ್ಕೊಮ್ಮೆ ಮಾಡಿದರೆ ಕಲ್ಲಾಗಲು ಬಿಡುವೇ ಸಿಗದು. ಮನೆಯ ಗೀಸರನ್ನು ಅತಿ ಬಿಸಿಗೆ ಇಡಬೇಡಿರಿ. ಬಟ್ಟೆ ನೆನೆಹಾಕುವ ಮುಂಚೆ ನೀರಿಗೆ ಒಂದಿಷ್ಟು ವಾಷಿಂಗ್ ಸೋಡಾ ಹಾಕಿದರೆ ಸೋಪು ಉಳಿಯುತ್ತದೆ.

ಇನ್ನು ಸಂಬಳದ ಮಾತು. ನಮ್ಮ ವಶಕ್ಕೆ ಕೊಟ್ಟ ವಸ್ತು ನಮ್ಮ ಅಲಕ್ಷ್ಯದಿಂದಲೇ ಕೆಟ್ಟಿದ್ದರೆ ಮಾತ್ರ ಅದಕ್ಕಾಗಿ ಸಂಬಳ ಮುರಿಯಬಹುದು, ಅದೂ ನಮ್ಮ ಸಮಜಾಯಿಷಿ ಕೇಳಿದ ಮೇಲೆ ಎಂದು 1936ರ ವೇತನ ಪಾವತಿ ಕಾಯಿದೆ ವಿಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ. ನೆಲದ ಸುಣ್ಣ ಕ್ಲೀನರಿನ ಅಲಕ್ಷ್ಯವಾಗುವುದು ಹೇಗೆ? ಇನ್ನು ಮೇಲೆ ಹೀಗೆ ಮುರಿದುಕೊಂಡರೆ ಸುಮ್ಮನಿರದೆ ಸಂಘಕ್ಕೆ ತಿಳಿಸಿರಿ. ಸುಟ್ಟ ಕಾಯಿಲನ್ನು ಎಸೆಯಲು ಬಿಡಬೇಡಿರಿ. ಅದರ ಮೈಮೇಲಿನ ಬಿಳಿ ಹೊರೆಯೇ ನಿಮ್ಮ ಸಾಕ್ಷಿ.

ಮಾಲೀಕರಲ್ಲಿ ನಾವು ಕೇಳುವುದು ಮೂರು: ತೊಟ್ಟಿಯ ನೀರನ್ನು ಪರೀಕ್ಷೆ ಮಾಡಿಸಬೇಕು, ಗಡಸಾಗಿದ್ದರೆ ಮೆದು ಮಾಡುವ ಯಂತ್ರ ಹಾಕಿಸಬೇಕು, ಆಸಿಡ್ ಮುಟ್ಟುವವನಿಗೆ ಕೈಚೀಲ, ಕನ್ನಡಕ ಕೊಡಬೇಕು. ಉಳಿಯುವ ಗ್ಯಾಸಿನಲ್ಲಿ, ಸುಡದೆ ಬಾಳುವ ಕಾಯಿಲಿನಲ್ಲಿ ಅವರಿಗೂ ಲಾಭವುಂಟು. ಇದನ್ನು ವಿನಯದಿಂದ, ಆದರೆ ಎಲ್ಲರೂ ಒಟ್ಟಾಗಿ ಹೋಗಿ ಕೇಳೋಣ.