ಹೆರೋದನ ಪಂಕ್ತಿಯಲ್ಲಿ ಕುಳಿತವರು
(ಸ್ನಾನಿಕ ಯೊವಾನ್ನರ ರಕ್ತಸಾಕ್ಷಿ ಮರಣದ ಸ್ಮರಣೆ, ಆಗಸ್ಟ್ 29ರ ಪ್ರಬೋಧನೆ)



ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳಿಂದ ಬೆಳಗಿನ ಬಸ್ಸು, ರೈಲು ಹಿಡಿದು ವಾಡಿಗೆ ಬಂದಿದ್ದೀರಿ. ಆದರೆ ಹಬ್ಬದ ಶುಭಾಶಯ ಹೇಳಲು ಇಂದು ನಾಲಿಗೆ ತಡವರಿಸುತ್ತದೆ. ಇಂದು ನಾವು ಸ್ಮರಿಸುತ್ತಿರುವುದು ಒಂದು ಕೊಲೆಯನ್ನು.

ಸಂತ ಮಾರ್ಕರ ಶುಭಸಂದೇಶದ ಆರನೆಯ ಅಧ್ಯಾಯವನ್ನು ಈಗಷ್ಟೇ ಆಲಿಸಿದೆವು. ಸೋದರನ ಹೆಂಡತಿಯನ್ನು ಇಟ್ಟುಕೊಂಡದ್ದು ಸರಿಯಲ್ಲವೆಂದು ಅರಸನಿಗೆ ಹೇಳಿದ್ದೇ ಯೊವಾನ್ನರ ಅಪರಾಧ. ಹೆರೋದಿಯಳು ಹಗೆ ಸಾಧಿಸಿದಳು, ಮಗಳು ಕುಣಿದಳು, ಅರಸ ಆಣೆಯಿಟ್ಟ, ಕಾವಲಾಳು ಕತ್ತಿ ಹಿಡಿದ. ಪ್ರತಿವರ್ಷ ನಾವು ಗುರುಗಳು ಈ ನಾಲ್ವರನ್ನು ಬೈದು ಪ್ರಬೋಧನೆ ಮುಗಿಸುತ್ತೇವೆ. ಆದರೆ ಹುಟ್ಟುಹಬ್ಬದ ಊಟಕ್ಕೆ ಕುಳಿತಿದ್ದ ಅಧಿಕಾರಿಗಳು, ಸೇನಾಧಿಪತಿಗಳು, ಗಲಿಲೇಯದ ಗಣ್ಯರು? ಈ ಅತಿಥಿಗಳ ಮುಂದೆ ಮಾತು ತಪ್ಪಬಾರದೆಂದೇ ಅರಸ ಮನಸ್ಸಿಲ್ಲದಿದ್ದರೂ ಒಪ್ಪಿದ. ಅವರಲ್ಲಿ ಒಬ್ಬನಾದರೂ ಎದ್ದು, ‘ಪ್ರಭುಗಳೇ, ಈ ಆಣೆ ಮುರಿದರೆ ನಾವೇನೂ ತಪ್ಪು ತಿಳಿಯುವುದಿಲ್ಲ’ ಎಂದಿದ್ದರೆ! ಎದ್ದವನ ಹೆಸರು ಶುಭಸಂದೇಶದಲ್ಲಿಲ್ಲ.

ನಾಳೆ ಆಗಸ್ಟ್ 30. 2015ರಲ್ಲಿ ಅದು ಭಾನುವಾರವಾಗಿತ್ತು. ನಾವು ಬೆಳಗಿನ ಬಲಿಪೂಜೆಯಲ್ಲಿದ್ದ ವೇಳೆಗೆ ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರಿಗೆ 76 ವರ್ಷ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಶರಣರ ವಚನಗಳನ್ನು ಸಂಪಾದಿಸಿದವರು. ಸೇಡಂನವರು ಇದನ್ನು ಕೇಳಿಸಿಕೊಳ್ಳಬೇಕು: ನಿಮ್ಮ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ ಗ್ರಂಥ ‘ಕವಿರಾಜಮಾರ್ಗ’. ಕಲಬುರ್ಗಿಯವರು ಡಾಕ್ಟರೇಟ್ ಪಡೆದದ್ದು ಅದರ ಪರಿಸರದ ಸಾಹಿತ್ಯವನ್ನು ಸಂಶೋಧಿಸಿಯೇ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವುದು ಬಂಗಾರಕ್ಕೆ ಸಮವೆಂದು ಆ ಗ್ರಂಥ ಒಂಬತ್ತನೆಯ ಶತಮಾನದಲ್ಲೇ ಎಣಿಸಿತ್ತು. ಕಾಗಿಣಾ ದಂಡೆಯ ಆ ಮಾತನ್ನು ಬಲ್ಲವರನ್ನೇ ವಿಚಾರಕ್ಕಾಗಿ ಕೊಂದರು.

ಅದಕ್ಕೆ ಮೊದಲು 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದ ಗೋವಿಂದ ಪಾನ್ಸರೆ ಗುಂಡಿಗೆ ಬಲಿಯಾಗಿದ್ದರು. ನಂತರ 2017ರ ಸೆಪ್ಟೆಂಬರ್ 5ರಂದು, ಸಂತ ಮದರ್ ತೆರೇಸಾರವರ ಹಬ್ಬದ ರಾತ್ರಿ, ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಕಲಬುರ್ಗಿಯವರನ್ನೂ ಗೌರಿಯವರನ್ನೂ ಕೊಂದದ್ದು ಒಂದೇ ಪಿಸ್ತೂಲು ಎಂದು ತನಿಖಾ ತಂಡ ನ್ಯಾಯಾಲಯಕ್ಕೆ ತಿಳಿಸಿತು. ಒಂದು ಸಾವಿಗೆ ನ್ಯಾಯ ತಡವಾಯಿತು. ಆ ಪಿಸ್ತೂಲಿಗೆ ಎರಡು ವರ್ಷ ಬಿಡುವು ಸಿಕ್ಕಿತು.

2015ರ ಅಕ್ಟೋಬರಿನಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ಸೇರಿದ್ದ ಪೆನ್ ಇಂಟರ್‌ನ್ಯಾಷನಲ್ ಎಂಬ ಲೇಖಕರ ಸಂಘ ಭಾರತದ ಲೇಖಕರ ಪರವಾಗಿ ದನಿಯೆತ್ತಿತು. ಗೌರಿಯವರ ಹತ್ಯೆಯನ್ನು ಯುನೆಸ್ಕೋ ಮುಖ್ಯಸ್ಥೆ ಖಂಡಿಸಿದರು. ಕನ್ನಡದ ಒಂದಕ್ಷರವೂ ತಿಳಿಯದವರು! ಸಮುದ್ರದಾಚೆಯ ಮನವಿಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಸಂತ ಲೂಕರ ಹದಿನೆಂಟನೆಯ ಅಧ್ಯಾಯದ ವಿಧವೆಯನ್ನು ನೆನೆಯಿರಿ. ದೇವರಿಗೂ ಹೆದರದ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋದದ್ದಷ್ಟೇ ಆಕೆಯ ಬಲ. ಕಲಬುರ್ಗಿಯವರ ಪತ್ನಿಯೂ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2019ರ ಫೆಬ್ರುವರಿಯಲ್ಲಿ ಪ್ರಕರಣ ಗೌರಿ ಹತ್ಯೆಯ ವಿಶೇಷ ತನಿಖಾ ತಂಡಕ್ಕೆ ಹೋಯಿತು. ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು. ದಾಭೋಲ್ಕರ್ ಪ್ರಕರಣದಲ್ಲಿ ತೀರ್ಪು ಬಂದದ್ದು 2024ರ ಮೇ 10ರಂದು. ಗುಂಡು ಹೊಡೆದ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು, ಉಳಿದ ಮೂವರು ಖುಲಾಸೆಯಾದರು. ಕತ್ತಿ ಹಿಡಿದವರು ಯಾರೆಂದು ಗೊತ್ತಾಯಿತು. ತಲೆ ಬೇಕೆಂದು ಕೇಳಿದವರು ಯಾರು?

ನಾವು ಯಾರ ಪ್ರಾಣವನ್ನೂ ಕೇಳುತ್ತಿಲ್ಲ. ಮರಣದಂಡನೆ ಸಲ್ಲದೆಂದು ಪೋಪ್ ಫ್ರಾನ್ಸಿಸ್ 2018ರಲ್ಲಿ ಧರ್ಮೋಪದೇಶ ಗ್ರಂಥವನ್ನೇ ತಿದ್ದಿಸಿದರು. ಆರೋಪ ಹೊತ್ತವರೆಲ್ಲ ಅಪರಾಧಿಗಳೆಂದೂ ಹೇಳುವುದಿಲ್ಲ. ಅದನ್ನು ನ್ಯಾಯಾಲಯ ಹೇಳಬೇಕು. ಆದರೆ ಕ್ಷಮೆಯ ಹೆಸರಿನಲ್ಲಿ ಸತ್ಯವನ್ನು ಹೂಳಲು ನಮಗೆ ಅಧಿಕಾರವಿಲ್ಲ. ಎಲ್ ಸಾಲ್ವಡೋರಿನ ಮಹಾಧರ್ಮಾಧ್ಯಕ್ಷ ಸಂತ ಆಸ್ಕರ್ ರೊಮೆರೊರವರು ಕೊಲ್ಲುವುದನ್ನು ನಿಲ್ಲಿಸಿರೆಂದು ಸೈನಿಕರನ್ನು ಬೇಡಿಕೊಂಡ ಮರುದಿನವೇ, 1980ರ ಮಾರ್ಚ್ 24ರಂದು, ಬಲಿಪೂಜೆ ಅರ್ಪಿಸುತ್ತಿದ್ದಾಗ ಹತರಾದರು. ವಿಶ್ವಸಂಸ್ಥೆ ಅದೇ ದಿನವನ್ನು ಸತ್ಯ ತಿಳಿಯುವ ಹಕ್ಕಿನ ದಿನವೆಂದು ಘೋಷಿಸಿದೆ.

‘ಫಾದರ್, ನಾವಿಲ್ಲಿ ಕೆಲವೇ ಮನೆಯವರು. ಫರಸಿ ಗಣಿ, ಸಿಮೆಂಟ್ ಕಾರ್ಖಾನೆ ನಂಬಿ ಬದುಕುವವರು. ನಮಗ್ಯಾಕ ಬೇಕ್ರಿ ಇದು?’ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಅವರ ಅಂಜಿಕೆ ಸುಳ್ಳಲ್ಲ. ಅದೇ ಅಂಜಿಕೆ ನಮಗೂ ಇತ್ತು. 2015ರ ಸೆಪ್ಟೆಂಬರಿನ ಮೊದಲ ಭಾನುವಾರ, ವಿಶ್ವಾಸಿಗಳ ಪ್ರಾರ್ಥನೆಯ ಚೀಟಿಯಲ್ಲಿ ಯುವಕನೊಬ್ಬ ಕಲಬುರ್ಗಿಯವರ ಹೆಸರು ಬರೆದು ತಂದಿದ್ದ. ನಾವು ಅದನ್ನು ಹೊಡೆದುಹಾಕಿ, ‘ಹಿಂಸೆಯಿಂದ ಮಡಿದ ಎಲ್ಲರಿಗಾಗಿ’ ಎಂದು ಬರೆದುಕೊಟ್ಟೆವು. ಯಾರೂ ಆಕ್ಷೇಪಿಸಲಿಲ್ಲ. ಊಟ ಮುಂದುವರಿಯಿತು ಅನ್ನಿ. ಆ ಯುವಕ ಮಾತ್ರ ಮತ್ತೆ ಚೀಟಿ ಬರೆದು ತರಲಿಲ್ಲ.

ಯೊವಾನ್ನರ ಶಿಷ್ಯರು ಬಂದು ದೇಹವನ್ನು ಕೇಳಿ ಪಡೆದು ಸಮಾಧಿ ಮಾಡಿದರು ಎಂಬಲ್ಲಿಗೆ ಇಂದಿನ ವಾಚನ ಮುಗಿಯುತ್ತದೆ. ಅರಮನೆಗೆ ಹೋಗಿ ಕೇಳಲು ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತೋ.

ಈಗ ವಿಶ್ವಾಸಿಗಳ ಪ್ರಾರ್ಥನೆಗೆ ಎದ್ದು ನಿಲ್ಲೋಣ. ಈ ಸಲ ಚೀಟಿಯನ್ನು ನಾವೇ ಬರೆದಿದ್ದೇವೆ. ನಾಲ್ಕು ಹೆಸರುಗಳಿವೆ. ಓದುವ ಮಗಳು ಅವಸರ ಮಾಡದೆ, ಒಂದೊಂದನ್ನೂ ಪೂರ್ತಿಯಾಗಿ ಓದಲಿ.