ನಿಮ್ಮ ಬೆಕ್ಕಿಗೊಂದು ಕೆಲಸ ಕೊಡಿ

ಜೆ.ಪಿ. ನಗರ, ಬಿಟಿಎಂ ಕಡೆ ಒಂದು ಬೆಡ್‌ರೂಮ್ ಮನೆಯಲ್ಲಿ ಬೆಕ್ಕು ಸಾಕಿರೋ ನನ್ನ ಫ್ರೆಂಡ್ಸ್ ಎಲ್ಲರದ್ದೂ ಒಂದೇ ದೂರು: ಬೆಳಗಿನ ಜಾವ ಎಬ್ಬಿಸುತ್ತೆ, ಸೋಫಾ ಪರಚುತ್ತೆ. ಪಾಪ, ಅದಕ್ಕೆ ಮಾಡೋಕೆ ಕೆಲಸ ಇಲ್ಲ ಕಣ್ರೀ! ಬೆಕ್ಕು ಹುಟ್ಟು ಬೇಟೆಗಾರ. ಮುಂಜಾನೆ, ಮುಸ್ಸಂಜೆಯಲ್ಲೇ ಅದು ಹೆಚ್ಚು ಚುರುಕು. ನಾವು ಆಫೀಸಿಗೆ ಹೋದಮೇಲೆ ಅದರ ಮುಂದೆ ಇರೋದು ತುಂಬಿದ ಬಟ್ಟಲು, ನಾಲ್ಕು ಗೋಡೆ.

ಹಾಗಾಗಿ ಬೇಟೆಯನ್ನ ಮನೆಯೊಳಗೇ ತನ್ನಿ. ಕಡ್ಡಿಗೆ ದಾರ ಕಟ್ಟಿ, ತುದಿಗೆ ಬಟ್ಟೆ ಚೂರು ಸಿಕ್ಕಿಸಿ, ಇಲಿ ಓಡೋ ಹಾಗೆ ಎಳೀರಿ. ಸಂಜೆ ಹತ್ತು ನಿಮಿಷ. ಕೊನೆಗೆ ಹಿಡಿಯೋಕೆ ಬಿಡಿ, ಆಮೇಲೆ ಊಟ ಹಾಕಿ. ಬೇಟೆ ಆಯ್ತು, ಊಟ ಆಯ್ತು, ಇನ್ನು ನಿದ್ದೆ. ದಾರ ಮಾತ್ರ ಎತ್ತಿಡಿ, ನುಂಗಿದರೆ ಕರುಳಿಗೆ ಅಪಾಯ. ಹಗಲಿನ ಒಣ ಆಹಾರವನ್ನ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಹಾಕಿ, ಹುಡುಕಿ ತಿನ್ನಲಿ. ಪರಚೋಕೆ ಗೋಣಿಚೀಲ ಸುತ್ತಿದ ಕಂಬ, ಹತ್ತೋಕೆ ಬೀರು ಮೇಲೆ ಜಾಗ ಕೊಡಿ.

ಇನ್ನು ಬಾಲ್ಕನಿ. ಪಾರಿವಾಳ ನೋಡೋದು ಅದಕ್ಕೆ ಟಿವಿ ಇದ್ದ ಹಾಗೆ, ಹಿಡಿಯೋಕೆ ಹಾರಿದರೆ ಕಷ್ಟ. ಮಹಡಿಯಿಂದ ಬಿದ್ದ 132 ಬೆಕ್ಕುಗಳ ಬಗ್ಗೆ ನ್ಯೂಯಾರ್ಕ್‌ನ ಪಶುವೈದ್ಯರು 1987ರಲ್ಲಿ ಬರೆದರು. ಚಿಕಿತ್ಸೆ ಸಿಕ್ಕವು ಬಹುಪಾಲು ಬದುಕಿದವು, ಆದರೆ ಎದೆ, ದವಡೆ, ಕಾಲಿಗೆ ಪೆಟ್ಟು ತಿಂದು. ಬಿ.ಕಾಂ ಓದಿದ ನನ್ನ ಲೆಕ್ಕ ಇಷ್ಟೇ: ಮೊದಲ ಖರ್ಚು ಬಾಲ್ಕನಿಗೆ ಗಟ್ಟಿ ನೆಟ್, ಆಮೇಲೆ ಆನ್‌ಲೈನ್ ಆಟಿಕೆ.

ಇಷ್ಟೆಲ್ಲ ಮಾಡಿದರೂ ಊಟ ಬಿಟ್ಟು ಮೂಲೆ ಸೇರಿದರೆ, ಬೋರ್ ಅಂದ್ಕೊಂಡು ಕೂರಬೇಡಿ. ಅವತ್ತೇ ಡಾಕ್ಟರ್‌ಗೆ ತೋರಿಸಿ.