ಶಾಸ್ತ್ರದ ಅಕ್ಷರ ಮತ್ತು ಅಭಿಪ್ರಾಯ



ಲಕ್ಕೂರಿನಿಂದ ಕೋಲಾರವು ಬಹು ದೂರವೇನಲ್ಲ. ಆ ಕೋಲಾರವೇ ಶಾಸನಗಳ ಕುವಳಾಲಪುರ. ರಾಜಧಾನಿಯು ತಲಕಾಡಿಗೆ ಹೋದ ಮೇಲೂ ಗಂಗ ಅರಸರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಆಶ್ರಯವರಸಿ ಬಂದ ದಡಿಗ-ಮಾಧವರಿಗೆ ಸಿಂಹನಂದಿ ಆಚಾರ್ಯರು ಅನುಗ್ರಹವಿತ್ತುದನ್ನೂ, ಖಡ್ಗದ ಏಟಿಗೆ ಕಲ್ಲಿನ ಕಂಬವು ತುಂಡಾದುದನ್ನೂ ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ 1121ರ ಶಾಸನವು ವಿವರವಾಗಿ ಹೇಳುತ್ತದೆ.

ಕತ್ತಿಯಿಂದ ಕಲ್ಲುಕಂಬ ಕಡಿಯುವುದುಂಟೆ ಎಂದು ಶಾಲೆ ಕಲಿತ ಹುಡುಗರು ನಗುತ್ತಾರೆ. ಶಾಸನದಲ್ಲಿ ಬರೆದಿದೆ, ಸುಮ್ಮನಿರು ಎಂದು ಹಿರಿಯರು ಗದರುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯು ಈ ಇಬ್ಬರ ಹಾದಿಯನ್ನೂ ಹಿಡಿಯಲಿಲ್ಲ. ಘಾತಿಕರ್ಮಗಳೆಂಬ ಶಿಲಾಸ್ತಂಭಗಳನ್ನು ಅರ್ಹಂತನು ಕಡಿದುದು ಧ್ಯಾನವೆಂಬ ಖಡ್ಗದಿಂದ. ಅದನ್ನೇ ಸಿಂಹನಂದಿ ಮುನಿಗಳು ಶಿಷ್ಯನಿಗೂ ಕರುಣಿಸಿದರು. ಇಲ್ಲವಾದರೆ ರಾಜ್ಯಲಕ್ಷ್ಮಿಯ ದಾರಿಗೆ ಅಗುಳಿಯಾಗಿದ್ದ ಆ ಕಲ್ಲುಕಂಬವು ತುಂಡಾಗುವುದೆಂತು ಎಂದು ಕವಿ ಕೇಳುತ್ತಾನೆ. ಕಂಬವು ತುಂಡಾಗಲಿಲ್ಲವೆಂದು ಅವನು ಹೇಳಲಿಲ್ಲ. ಖಡ್ಗವು ಬರಿಯ ಕಬ್ಬಿಣವೆಂದೂ ಒಪ್ಪಲಿಲ್ಲ. ಕೋಲಾರ ಸೀಮೆಯ ಕಥೆಯೊಂದನ್ನು ಒಂಬತ್ತು ನೂರು ವರ್ಷಗಳ ಹಿಂದೆಯೇ ಒಬ್ಬ ಜೈನ ಕವಿ ಹೀಗೆ ಓದಿದ್ದನು.

ಕಾವ್ಯದಲ್ಲಿ ಎರಡು ಅರ್ಥವಿರುವುದು ಸೊಬಗು. ಸಿದ್ಧಾಂತಸೂತ್ರದ ಮಾತು ಬೇರೆ. ಅಲ್ಲಿ ಒಂದು ಪದದ ಅರ್ಥವು ಬದಲಾದರೆ ಮೋಕ್ಷಮಾರ್ಗದ ಬಾಗಿಲು ಒಬ್ಬರಿಗೆ ತೆರೆಯುತ್ತದೆ, ಇನ್ನೊಬ್ಬರಿಗೆ ಮುಚ್ಚುತ್ತದೆ. ಇದಕ್ಕೆ ಷಟ್ಖಂಡಾಗಮವೇ ಸಾಕ್ಷಿ.

ಪುಷ್ಪದಂತ-ಭೂತಬಲಿ ಆಚಾರ್ಯರ ಆ ಆಗಮವೂ, ವೀರಸೇನಾಚಾರ್ಯರು 816ರಲ್ಲಿ ಮುಗಿಸಿದರೆಂದು ಗಣಿಸಲಾಗುವ ಧವಲಾ ಟೀಕೆಯೂ ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಡವೋಲೆಗಳಲ್ಲಿ ಉಳಿದವು. ಯಾತ್ರಿಕರಿಗೆ ಅದು ಸಿದ್ಧಾಂತದರ್ಶನ. ಓಲೆಗೆ ಕೈಮುಗಿಯುವರು, ಕಾಣಿಕೆಯಿಡುವರು, ಹಿಂದಿರುಗುವರು. ಓದಬಲ್ಲವರು ಬೆರಳೆಣಿಕೆಯಷ್ಟು. ಆ ಭಕ್ತಿಯನ್ನು ಹಳಿಯಲಾಗದು. ಓಲೆಗಳು ಉಳಿದುದು ಅದರಿಂದಲೇ. ಆದರೆ ಸ್ವಾಧ್ಯಾಯಕ್ಕೆ ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಐದು ಅಂಗಗಳು. ಓದುವುದು ಮೊದಲನೆಯದಾದರೆ ಪ್ರಶ್ನಿಸುವುದು ಎರಡನೆಯದು. ಮೊದಲನೆಯದೇ ನಿಂತುಹೋದ ಕಡೆ ಎರಡನೆಯದಕ್ಕೆ ಎಡೆಯೆಲ್ಲಿ?

ಪ್ರತಿಮಾಡುವ ಕಾರ್ಯವು 1896ರ ಸುಮಾರಿಗೆ ಆರಂಭವಾಯಿತು. ಲಿಪಿಕಾರರಾದ ಗಜಪತಿ ಉಪಾಧ್ಯಾಯರು ವಿದುಷಿಯಾದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಪ್ರತಿಯೊಂದನ್ನು ಸಿದ್ಧಪಡಿಸಿಕೊಂಡರು. ಆಗಮವು ಹೊರಜಗತ್ತಿಗೆ ಬಂದುದರಲ್ಲಿ ಒಬ್ಬ ಶ್ರಾವಿಕೆಯ ಪಾಲಿರುವುದನ್ನು ಎಷ್ಟು ಜನ ನೆನೆಯುತ್ತಾರೆ? ಪ್ರೊಫೆಸರ್ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು.

ಅದರ 93ನೆಯ ಸೂತ್ರದಲ್ಲಿಯೇ ತೊಡಕು ಎದ್ದಿತು. ‘ಮಣುಸಿಣಿ’ಯರಿಗೆ, ಅಂದರೆ ಮಾನುಷಿಯರಿಗೆ, ಪರ್ಯಾಪ್ತ ದೆಸೆಯಲ್ಲಿ ಮಾತ್ರ ದೊರೆಯುವ ಗುಣಸ್ಥಾನಗಳನ್ನು ಸೂತ್ರವು ಹೇಳುತ್ತದೆ. ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಆ ಸಾಲು ‘ಸಂಜದಾಸಂಜದ’ ಎಂಬಲ್ಲಿಗೆ, ಅಂದರೆ ಐದನೆಯ ಗುಣಸ್ಥಾನಕ್ಕೆ, ನಿಂತಿತ್ತು. ಮುಂದೆ ‘ಸಂಜದ’, ಎಂದರೆ ಸಂಯತ, ಎಂಬ ಪದವು ಬಿಟ್ಟುಹೋಗಿರಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಬಳಿಕ ಮೂಡುಬಿದಿರೆಯ ಓಲೆಯನ್ನು ನೋಡಲಾಗಿ ಪದವು ಅಲ್ಲಿಯೇ ಇದ್ದಿತು!

ಕೆಲವು ಪಂಡಿತರು ತಳಮಳಿಸಿದರು. ಸ್ತ್ರೀಗೆ ಪೂರ್ಣ ಸಂಯಮವುಂಟೆಂದು ಸೂತ್ರವೇ ಹೇಳಿದರೆ ದಿಗಂಬರ ಆಮ್ನಾಯದ ಗತಿಯೇನು? ಪದವು ಲಿಪಿಕಾರನ ಸೇರ್ಪಡೆ, ತೆಗೆಯತಕ್ಕದ್ದು ಎಂದರು. ಬೆಳಗಾವಿ ಸೀಮೆಯ ಭೋಜದ ಆಚಾರ್ಯ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಆಗಮವನ್ನು ತಾಮ್ರಪಟದಲ್ಲಿ ಕೊರೆಯಿಸುವಾಗಲೂ ಆ ಪದವಿರಬೇಕೆ ಬೇಡವೆ ಎಂಬ ವಾದವು ಬಿಡಲಿಲ್ಲ. ತಾಮ್ರದಲ್ಲಿ ಒಮ್ಮೆ ಕೊರೆದುದನ್ನು ಮುಂದಿನ ಪೀಳಿಗೆ ಓಲೆಯೊಡನೆ ಹೋಲಿಸಿ ನೋಡುವುದುಂಟೆ?

ಉತ್ತರವು ಸೂತ್ರದ ಕೆಳಗೆ ಧವಲಾ ಟೀಕೆಯಲ್ಲಿಯೇ ಇದ್ದಿತು. ಮಾನುಷಿಯರಿಗೆ ಹದಿನಾಲ್ಕು ಗುಣಸ್ಥಾನಗಳು ಹೇಗೆ ಎಂದು ವೀರಸೇನರು ತಾವೇ ಪ್ರಶ್ನೆಯೆತ್ತಿ, ಇಲ್ಲಿ ಹೇಳಿರುವುದು ಭಾವಸ್ತ್ರೀಯ ಮಾತು ಎಂದು ಉತ್ತರಿಸುತ್ತಾರೆ. ದೇಹದಿಂದ ಸ್ತ್ರೀಯಾದವಳು ದ್ರವ್ಯಸ್ತ್ರೀ; ದೇಹವು ಪುರುಷನದಾದರೂ ಸ್ತ್ರೀವೇದದ ಉದಯವುಳ್ಳ ಜೀವವು ಭಾವಸ್ತ್ರೀ. ಆಮ್ನಾಯವನ್ನು ಕಾಯಲು ಅವರಿಗೆ ಅಕ್ಷರವನ್ನು ಅಳಿಸಬೇಕಾಗಲಿಲ್ಲ. ಪದವನ್ನು ಅಳಿಸಹೊರಟವರಿಗಿಂತ ಅವರ ಶ್ರದ್ಧೆ ಕಡಿಮೆಯದಾಗಿತ್ತೇ?

ಈ ಅರ್ಥವನ್ನು ಎಲ್ಲರೂ ಒಪ್ಪಿದರೆಂದಲ್ಲ. ಅಮೋಘವರ್ಷನ ಕಾಲದ ವೈಯಾಕರಣ, ಯಾಪನೀಯ ಸಂಘದ ಶಾಕಟಾಯನನು ಸ್ತ್ರೀಗೆ ಇದೇ ಭವದಲ್ಲಿ ನಿರ್ವಾಣವುಂಟೆಂದು ‘ಸ್ತ್ರೀನಿರ್ವಾಣ ಪ್ರಕರಣ’ವನ್ನೇ ರಚಿಸಿದನು. ಶ್ವೇತಾಂಬರರ ಮತವೂ ಅದೇ. ಮೂಡುಬಿದಿರೆಯ ಬಳಿಯ ನೆಲ್ಲಿಕಾರಿನಲ್ಲಿ ಜನಿಸಿದ ಡಾಕ್ಟರ್ ಪದ್ಮನಾಭ ಜೈನಿಯವರು ಇಬ್ಬಣದವರ ವಾದಗಳನ್ನೂ ಇಂಗ್ಲಿಷಿಗೆ ಅನುವಾದಿಸಿ 1991ರಲ್ಲಿ ಪ್ರಕಟಿಸಿದರು. ಓಲೆಯ ಪದವು ಓಲೆಯಲ್ಲಿಯೇ ಉಳಿದುದರಿಂದ ಈ ಚರ್ಚೆ ಸಾಧ್ಯವಾಯಿತು. ಅಳಿಸಿದ್ದರೆ ಚರ್ಚಿಸಲು ಏನುಳಿಯುತ್ತಿತ್ತು?

ಷಟ್ಖಂಡಾಗಮವು ಪೂರ್ಣಗೊಂಡ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸಲಾಗುತ್ತದೆ. ಅಂದು ಶಾಸ್ತ್ರಗಳಿಗೆ ಹೊಸ ವಸ್ತ್ರ ಸುತ್ತಿ ಪೂಜಿಸುವರು. ಧವಲಾದ ಕನ್ನಡ ಅನುವಾದವು ಶ್ರವಣಬೆಳಗೊಳದಿಂದ ಹೊರಬಂದಿದೆ. ಬಸದಿಯ ಶಾಸ್ತ್ರಭಂಡಾರಕ್ಕೆ ಅದನ್ನು ತರಿಸಿ, ಆ ದಿನ ವಸ್ತ್ರವನ್ನು ಸುತ್ತುವ ಮೊದಲು 93ನೆಯ ಸೂತ್ರವನ್ನೂ ಅದರ ಟೀಕೆಯನ್ನೂ ಒಬ್ಬರು ಗಟ್ಟಿಯಾಗಿ ಓದಬಹುದು. ಆ ಓದನ್ನು ಶ್ರಾವಿಕೆಯೊಬ್ಬರು ಮಾಡಿದರೆ ಲಕ್ಷ್ಮೀಬಾಯಿಯವರ ಸ್ಮರಣೆಯೂ ಆದೀತು.